ನಡುವಿನ ಚುಕ್ಕಿ

ಪಿನ್ನು ಸರಿಯಾಗಿ ಕೂತಿತ್ತು. ಅದ ಮೋಸ ಆತು.
ಮೈದುನ ರೇವಣಪ್ಪ ವೈಫೈ ಡಬ್ಬಿಯ ಹಳೇ ಅಡಾಪ್ಟರ್ ತಂದು
"ವೈನಿ, ನೋಡ್ರಿ ಹೆಂಗ ಹೊಕ್ಕಿತು,
ಇದರದ ಕೀಲಿ ಇದ್ದಂಗ" ಅಂದ.
ತಕ್ಕಡಿ ಒಂದು ಅಂಕಿನೂ ತೋರಲಿಲ್ಲ.
ವಾಸನಿ ಬಂತು,
ಒಲಿಮ್ಯಾಗಿನ ಶೇಂಗಾದ್ದೋ, ಇದರದ್ದೋ
ಅನ್ನೂದರಾಗ ವೈರು ಕಿತ್ತು ಒಗದೆ.

ಮೊದಲಿನದನ್ನ ಇಲಿ ಕಡದಿತ್ತು.
ಅದಕ್ಕೂ ಮುಂಚೆ ಎರಡು ದಿನ
ಸಾಯೂ ಬ್ಯಾಟರಿ ಮ್ಯಾಲ ಚಟ್ನಿ ತೂಗಿ ಮಾರೇನಿ.
ಅಂಕಿ ಮಬ್ಬಾಗಿದ್ವು, ಆದರ ಕಾಣತಿದ್ವು.
ಕಂಡದ್ದು ಖರೇ ಅಂತ ತಿಳಕೊಂಡೆ.

ತಕ್ಕಡಿ ಚೀಲದಾಗ ಹಾಕಿ
ಪರ್ವತಿ ಪಾಯಥದಿಂದ ಬಸ್ಸು ಹತ್ತಿ, ಮಂದ್ಯಾಗ ನಿಂತು,
ಬುಧವಾರ ಪೇಟ, ತಾಪ್ಕೀರ ಗಲ್ಲಿ.
ಅಲ್ಲಿ ಅಂಗಡಿ ಅಂದರ ವೈರುಗಳ ಬಿಳಲು,
ಬಿಳಲಿನ ನಡುವ ಒಂದು ಕನ್ನಡಕ: ಹಾತಿಮ್ ಶೇಠ.
"ಇದಕ್ಕೊಂದು ಅಡಾಪ್ಟರ್ ಕೊಡ್ರಿ."
"ಇದಕ್ಕ ಏನು ಬೇಕಂತ ಇದನ್ನ ಕೇಳೀರೇನು?"

ಕೆಳಗಿನ ಚೀಟಿ ನಾನ ತಿಕ್ಕಿ ತಿಕ್ಕಿ ಅಳಿಸಿದ್ದೆ,
ವರ್ಷಾನುಗಟ್ಟಲೆ, ಎಣ್ಣಿ ಕೈ, ಒದ್ದಿ ಅರಿವಿ.
ಸ್ವಚ್ಛ ಮಾಡೂದರಾಗ ಹೆಸರು ಹೋಗಿತ್ತು.
ಶೇಠ ರಂಧ್ರದ ಬಾಜೂಕ ಬೆರಳಾಡಿಸಿದ:
"ಇಲ್ಲೇನೋ ಉಬ್ಬೇತಿ. ಬಿಳಿ ಮ್ಯಾಲ ಬಿಳಿ. ಕಣ್ಣು ಹತ್ತವಲ್ದು."
ಚೀಲದಾಗ ಗುರೆಳ್ಳು ಚಟ್ನಿ ಇತ್ತು.
ಚಿಟಿಕಿ ತಗದು ತಿಕ್ಕಿದೆ.
ಎದ್ದು ಬಂದ್ವು, ಕರ್ರಗ, ಬೆಳ್ಳುಳ್ಳಿ ಘಮಘಮ:
ಒಂಬತ್ತು ವೋಲ್ಟು, ಐದನೂರು ಮಿಲಿ ಆಂಪಿಯರು,
ಒಂದು ಚುಕ್ಕಿ, ಸುತ್ತ ಅರ್ಧ ಚಂದ್ರ,
ಚುಕ್ಕಿಯ ಕಡೆ ಒಂದು ಅಡ್ಡ ಗೀಟು.
ಶೇಠ ಬೆರಳು ನೆಕ್ಕಿದ. "ಖಾರ ಛಲೋ ಐತಿ."

ಆಮ್ಯಾಲ ಹೇಳಿದ, ಮರಾಠಿಯೊಳಗ, ನಿಧಾನಕ.
ನನಗ ತಿಳಿದದ್ದು ನನ್ನ ಅಡಗಿಮನಿ ಮಾತಿನಾಗ:
ವೋಲ್ಟು ಅಂದರ ಉರಿ. ಎಷ್ಟು ಬೇಕೋ ಅಷ್ಟ.
ಹೆಚ್ಚಾದರ ಹೊತ್ತತೈತಿ, ಕಡಿಮ್ಯಾದರ ಹಸಿ.
ಆಂಪಿಯರು ಅಂದರ ಡಬ್ಬಿಯೊಳಗಿನ ಹಿಟ್ಟು.
ಡಬ್ಬಿ ತುಂಬ ಇದ್ದರೂ
ರೊಟ್ಟಿ ತನಗ ಬೇಕಾದಷ್ಟ ತಗೋತೈತಿ;
ಸಾಲದಿದ್ದರ ಮಾತ್ರ ತ್ರಾಸು.
ಚುಕ್ಕಿ?
"ನಡುವ ಪ್ಲಸ್ ಇರೂದು ಬಹಳ ಮಂದಿ ರೂಢಿ.
ನಿಮ್ಮದು ಉಲ್ಟಾ ಗಿರಾಕಿ. ನಡುವ ಮೈನಸ್.
ಮೈದುನನ ಅಡಾಪ್ಟರ್ ಹನ್ನೆರಡರದು, ಮ್ಯಾಲ ಎಡವಟ್ಟು ದಿಕ್ಕಿಂದು."

ಒಳಗ ಒಂದು ಜೋಳದಕಾಳಿನಷ್ಟು ತುಣುಕು
ತಾ ಸುಟ್ಟು ಉಳಿದದ್ದನ್ನ ಉಳಿಸಿತ್ತು.
ನಲವತ್ತು ರೂಪಾಯಿಗೆ ಅದನ್ನ ಬದಲಿಸಿದ.
ಸುಟ್ಟದ್ದನ್ನ ನನ್ನ ಅಂಗೈಯಾಗ ಇಟ್ಟ. ಒಗೀಲಿಕ್ಕೆ ಮನಸ್ಸಾಗಲಿಲ್ಲ.

ಅಡಾಪ್ಟರ್ ಎರಡಿಟ್ಟ, ಎರಡೂ ಒಂಬತ್ತರದ:
ಅರವತ್ತು ರೂಪಾಯಿಂದು, ಎರಡನೂರಾ ಅರವತ್ತರದು.
ಮೀಟರಿನ ಸೂಜಿ ಹಚ್ಚಿ ಎರಡನೇದರ ದಿಕ್ಕು ನೋಡಿ, ಚುಚ್ಚಿದ.
ತಕ್ಕಡಿ ಸೊನ್ನಿ ತೋರಿಸಿತು.
ಎಂಥಾ ಛಂದ ಇತ್ತು ಆ ಸೊನ್ನಿ.
ನಾನು ಚಟ್ನಿ ಮಾರಾಕಿ, ಕೈ ಸುಮ್ಮನಿರತೈತೇನು?
ಅಗ್ಗದ್ದನ್ನ ಎತ್ತಿ ಇಟ್ಟೆ: ನಲವತ್ತೊಂದು ಗ್ರಾಂ.
ಇನ್ನೊಂದನ್ನ ಹೆಂಗ ಇಡಲಿ, ಅದು ಗ್ವಾಡ್ಯಾಗ ಐತಿ.
ಅಂಥದ್ದ ಮತ್ತೊಂದು ಡಬ್ಬಿ ಒಡದು ಕೊಟ್ಟ: ನೂರಾ ಹದಿನೆಂಟು.
"ತೂಕ ಒಂದ ಸಾಕ್ಷಿ ಅಲ್ಲ, ಬಾಯಿ" ಅಂದ.
"ಒಳಗ ಕಬ್ಬಿಣದ ತುಂಡು ಅಂಟಿಸಿ ಮಾರಾವರೂ ಅದಾರ.
ಗುರುತು ನೋಡ್ರಿ, ಬಿಲ್ ತಗೋರಿ,
ತಾಸಿನ ಮ್ಯಾಲ ಮುಟ್ಟಿ ನೋಡ್ರಿ.
ಬೆಚ್ಚಗಿದ್ದರ ಚಿಂತಿಲ್ಲ. ಕೈ ಇಡಾಕ ಆಗಲಿಲ್ಲಂದರ ಕಿತ್ತು ತರ್ರಿ."

ರೊಕ್ಕ ಕೊಟ್ಟು ಹೊಂಡಾಕಿ, ಯಾಕೋ
ಚೀಲದಾಗಿನ ಶೇಂಗಾ ಚಟ್ನಿ ಪಾಕೀಟು ತಗದು ಇಟ್ಟೆ,
ನಿನ್ನೆ ನಾನ ತೂಗಿ ಕಟ್ಟಿದ್ದು, ಅರ್ಧ ಕಿಲೋ.
ನಾಕನೂರಾ ಅರವತ್ತೈದು.
ಎತ್ತಿ ಮತ್ತ ಇಟ್ಟೆ. ಅಷ್ಟ.
ಶೇಠ ಬ್ಯಾರೆ ಕಡೆ ನೋಡಿದ.

ಸದಾಶಿವ ಪೇಟದಾಗ ಮೂರನೇ ಮಾಳಿಗಿ,
ಮೊನ್ನೆ ಒಂದು ಕಿಲೋ ತಗೊಂಡಿದ್ದ ಕರಂದೀಕರ ಬಾಯಿ
ಬಾಗಿಲ ಸರಪಳಿ ತಗೀದನ ಕೇಳಿದಳು: ಏನಿದು ಪುಡಿಕಿ?
"ನಿಮ್ಮದ ರೀ. ಎಪ್ಪತ್ತು ಗ್ರಾಂ. ನನ್ನ ಕಡೆ ಉಳದಿತ್ತು."
ಉಳದ ಹನ್ನೊಂದು ಮನಿ ನಾಳೆ.

ರೇವಣಪ್ಪನ ಅಡಾಪ್ಟರಿಗೆ ಬಿಳಿ ಪಟ್ಟಿ ಸುತ್ತಿ ಬರದೇನಿ:
ಹೊಕ್ಕರೂ ಹಚ್ಚಬ್ಯಾಡ.